ಮೀಸಲಿನ ಒಲೆ

ಗೋಬರ್ ಗ್ಯಾಸಿನ ಒಲೆ ಮೊದಲ ಸಲ ಹೊತ್ತಿಕೊಂಡ ದಿನ ದೇವಿರಮ್ಮ ಅಡುಗೆಮನೆಗೆ ಕಾಲಿಡಲಿಲ್ಲ. ನಡುಮನೆಯ ಕಂಬಕ್ಕೆ ಒರಗಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಒಳಗೆ ಮಗ ಪುಟ್ಟಸ್ವಾಮಿ ಬೆಂಕಿಕಡ್ಡಿ ಗೀರಿದ್ದು, ಸೊಸೆ ಮಂಗಳಮ್ಮ ಹಿಂದಕ್ಕೆ ಸರಿದದ್ದು, ಒಂಬತ್ತು ವರ್ಷದ ಮೊಮ್ಮಗಳು ಇಂದ್ರಾಣಿ ಚಪ್ಪಾಳೆ ತಟ್ಟಿದ್ದು ಎಲ್ಲ ಕೇಳಿಸಿತು.

“ಅವ್ವ, ಬಂದು ನೋಡು. ನೀಲಿ ಬೆಂಕಿ. ಒಗೆ ಅನ್ನೋದೇ ಇಲ್ಲ” ಎಂದು ಮಗ ಕೂಗಿದ.

“ಒಗೆ ಇಲ್ದೇ ಇದ್ರೆ ಅದೆಂತಾ ಬೆಂಕಿಯೋ. ನೀನೇ ನೋಡ್ಕೊ.”

“ಕಣ್ಣುರಿ ಕಣ್ಣುರಿ ಅಂತ ದಿನಾ ಗೊಣಗ್ತಿದ್ದೋಳು ಯಾರು?”

“ಗೊಣಗ್ದೆ. ಅದಕ್ಕೆ ಸಗಣಿ ಮೇಲೆ ಇಟ್ಟು ಬೇಯ್ಸು ಅಂದಿದ್ನಾ?”

ಅದು ಎಪ್ಪತ್ತಾರನೇ ಇಸವಿಯ ಸಂಕ್ರಾಂತಿ ಕಳೆದ ವಾರ. ಬೆಸಗರಹಳ್ಳಿಗೆ ಎರಡು ಮೈಲಿ ದೂರದ ಆ ಊರಿಗೆ ಅದೇ ಮೊದಲ ಗೋಬರ್ ಗ್ಯಾಸು. ಮದ್ದೂರಿನಲ್ಲಿ ಪಿಯುಸಿವರೆಗೆ ಓದಿ, ಅಪ್ಪ ಸತ್ತ ವರ್ಷ ಊರಿಗೆ ಬಂದು ಬೇಸಾಯಕ್ಕೆ ನಿಂತ ಪುಟ್ಟಸ್ವಾಮಿ ಯಾವುದನ್ನೂ ಸುಮ್ಮನೆ ಎಸೆಯುವವನಲ್ಲ. ಬಚ್ಚಲ ನೀರನ್ನು ಕಾಲುವೆ ತೋಡಿ ಬಾಳೆಗೂ ಕೆಸುವಿಗೂ ಹರಿಸಿದ್ದ. ಕಬ್ಬು ಕಡಿದ ಮೇಲೆ ಊರೆಲ್ಲ ತರಗಿಗೆ ಬೆಂಕಿ ಹಾಕುತ್ತಿದ್ದರೆ ಇವನು ಅದನ್ನು ಸಾಲುಗಳ ನಡುವೆ ಹಾಸಿ ಕೊಳೆಸುತ್ತಿದ್ದ. ತೆಂಗಿನ ಚಿಪ್ಪು, ಒಲೆಯ ಬೂದಿ, ಹರಿದ ಗೋಣಿ, ಪ್ರತಿಯೊಂದಕ್ಕೂ ಅವನ ಮನೆಯಲ್ಲಿ ಒಂದು ಕೆಲಸವಿತ್ತು. “ಅವನ ಮನೇಲಿ ಸೀನು ಬಂದ್ರೂ ಓಗಿ ಗಿಡದ ಬುಡಕ್ಕೆ ಸೀನ್ಬೇಕು ಕಣ್ಲಾ” ಎಂದು ಪಕ್ಕದ ಮನೆಯ ಚೌಡಯ್ಯ ಅರಳಿಕಟ್ಟೆಯಲ್ಲಿ ನಗಿಸುತ್ತಿದ್ದ. ಪುಟ್ಟಸ್ವಾಮಿಗೆ ಅದು ಗೊತ್ತಿತ್ತು. ಅವನಿಗೆ ಬೇಸರವೇನೂ ಇರಲಿಲ್ಲ.

ಗ್ಯಾಸಿನ ಜೊತೆಗೇ ಮನೆಗೆ ಇನ್ನೊಂದು ಬಂದಿತ್ತು. ಕೊಟ್ಟಿಗೆಯ ಹಿಂಗೋಡೆಗೆ ಸೇರಿಸಿ ಒಂದು ಕಕ್ಕಸು ಕಟ್ಟಿಸಿದ್ದ. ಅದು ಮಂಗಳಮ್ಮನ ಆಸೆ. ಅವಳು ಮಳವಳ್ಳಿ ಪೇಟೆಯಲ್ಲಿ ಬೆಳೆದವಳು. ಮದುವೆಯಾಗಿ ಹನ್ನೆರಡು ವರ್ಷ, ಬೆಳಕು ಹರಿಯುವ ಮೊದಲೇ ಚೊಂಬು ಹಿಡಿದು ನಾಲೆಯ ಏರಿಗೆ ಹೋಗಿ ಬಂದಿದ್ದಳು. ಕಬ್ಬು ಆಳೆತ್ತರ ನಿಂತಿದ್ದಾಗ ಹೇಗೋ ಆಗುತ್ತಿತ್ತು. ಕಟಾವಾದ ಮೇಲೆ ಮರೆಯಿರುತ್ತಿರಲಿಲ್ಲ. ಅವಳು ಗಂಡನ ಹತ್ತಿರ ಒಡವೆ ಕೇಳಿದವಳಲ್ಲ, ಇದೊಂದನ್ನು ಮಾತ್ರ ಕೇಳಿದ್ದಳು.

ಕಕ್ಕಸಿನ ಗೋಡೆ ಏಳುತ್ತಿದ್ದಾಗ ದೇವಿರಮ್ಮ ಮಗನನ್ನು ಹಿತ್ತಲಿಗೆ ಕರೆದಿದ್ದಳು.

“ಇದ್ರಲ್ಲಿ ಬಿದ್ದಿದ್ದು ಎಲ್ಗೆ ಓಯ್ತದೆ?”

“ಅಗೋ, ಅಲ್ಲಿ ಚಪ್ಪಡಿ ಮುಚ್ಚಿವ್ನಲ್ಲ, ಅದ್ರ ಕೆಳಗೆ ಗುಂಡಿ ಅದೆ. ಇದ್ರುದ್ದು ಅಲ್ಗೆ. ಗ್ಯಾಸಿಗೆ ಬರೀ ದನದ ಸಗಣಿ.”

“ಎರಡಕ್ಕೂ ಎಲ್ಲೂ ಸೇರ್ಕೆ ಇಲ್ಲ ತಾನೆ?”

“ಇಲ್ಲ ಕಣವ್ವ.”

“ನನ್ ಮಕ ನೋಡಿ ಯೋಳು.”

ಪುಟ್ಟಸ್ವಾಮಿ ತಾಯಿಯ ಮುಖ ನೋಡಿ ಹೇಳಿದ. “ನಿನ್ನಾಣೆ. ಇಲ್ಲ.”

ಅವಳು ಹೀಗೆ ಬಿಡಿಸಿ ಬಿಡಿಸಿ ಕೇಳಲು ಕಾರಣವಿತ್ತು. ಊರ ದೇವತೆ ಪಟ್ಟಲದಮ್ಮನಿಗೆ ಶುಕ್ರವಾರದ ಮೀಸಲನ್ನ ಆ ಮನೆಯಿಂದಲೇ ಹೋಗಬೇಕು. ನಾಲ್ಕು ತಲೆಮಾರಿನಿಂದ ನಡೆದು ಬಂದದ್ದು. ಆ ಅನ್ನಕ್ಕೆಂದೇ ಒಂದು ಹಿತ್ತಾಳೆ ಪಾತ್ರೆ, ಒಂದು ಸೌಟು. ಅವುಗಳಲ್ಲಿ ಬೇರೇನೂ ಬೇಯುವಂತಿಲ್ಲ. ಮನೆಯ ಹಿರಿಯ ಹೆಂಗಸು ತಲೆಗೆ ನೀರು ಹಾಕಿಕೊಂಡು, ಯಾರೊಡನೆಯೂ ಮಾತಾಡದೆ, ಅಕ್ಕಿ ಬೆಲ್ಲ ಬೇಯಿಸಿ ಗುಡಿಗೆ ಒಯ್ಯಬೇಕು. ಅಮ್ಮನಿಗೆ ಎಡೆಯಾದ ಮೇಲೆ ಏಳು ಮನೆಗೆ ಒಂದೊಂದು ಹಿಡಿ ಎಲೆಯಲ್ಲಿ ಹಂಚಬೇಕು. ಅತ್ತೆಯಿಂದ ಆ ಪಾತ್ರೆ ದೇವಿರಮ್ಮನ ಕೈಗೆ ಬಂದು ಇಪ್ಪತ್ತಾರು ವರ್ಷ ಆಗಿತ್ತು. ಒಂದು ಶುಕ್ರವಾರವೂ ತಪ್ಪಿರಲಿಲ್ಲ.

ಅವಳು ಗ್ಯಾಸಿಗೆ ಒಲಿದದ್ದು ನಿಧಾನವಾಗಿ. ಮೊದಲು ದೂರದಿಂದ ನೋಡಿದಳು. ಆಮೇಲೆ ಸಗಣಿ ಕಲಸುವ ತೊಟ್ಟಿಯ ಹತ್ತಿರ ಹೋಗಿ, ಮಂಗಳಮ್ಮ ಕಲಸುತ್ತಿದ್ದ ರೀತಿ ಸರಿಯಿಲ್ಲವೆಂದು ತಾನೇ ಸೀರೆ ಎತ್ತಿಕಟ್ಟಿ ಕೈಹಾಕಿದಳು. ಹುಲ್ಲುಕಡ್ಡಿ ಒಂದೊಂದನ್ನೇ ಆರಿಸಿ ಎಸೆದು, ನೀರು ಹದ ಮಾಡಿ ಒಳಗೆ ಬಿಡುವುದು ಅವಳ ಬೆಳಗಿನ ಕೆಲಸವಾಯಿತು. ತಿಂಗಳು ಕಳೆಯುವಷ್ಟರಲ್ಲಿ ರಾಗಿಹಿಟ್ಟಿನ ಎಸರು ಗ್ಯಾಸಿನ ಮೇಲೆ ಕುದಿಯತೊಡಗಿತು. ಕಣ್ಣಲ್ಲಿ ನೀರು ಬರುವುದು ನಿಂತಿತು. ಇಪ್ಪತ್ತು ವರ್ಷದಿಂದ ಇದ್ದ ಕೆಮ್ಮು ಎಲ್ಲೋ ಅಡಗಿತು. ಗೋಡೆಗೆ ಸುಣ್ಣ ಹೊಡೆಸಿದರೆ ಬೆಳ್ಳಗೇ ಉಳಿಯಿತು. ಯುಗಾದಿಯ ನಂತರದ ಶುಕ್ರವಾರ ಮೀಸಲು ಪಾತ್ರೆಯನ್ನೂ ಗ್ಯಾಸಿನ ಮೇಲಿಟ್ಟಳು.

ಆ ದಿನವೇ ಗುಡಿಯ ಜಗುಲಿಯಲ್ಲಿ ನಿಂಗಯ್ಯನ ಹೆಂಡತಿ ಬೆಟ್ಟಮ್ಮ ಕೇಳಿದ್ದು.

“ದೇವೀರಕ್ಕ, ತಪ್ಪು ತಿಳ್ಕಬ್ಯಾಡ. ನಿಮ್ಮನೆ ಗ್ಯಾಸಿಗೆ ಬ್ಯಾರೆ ಏನೂ ಸೇರಾಕಿಲ್ಲ ತಾನೆ? ಅಲ್ಲೇ ಪಕ್ಕದಲ್ಲೇ ಅದೂ ಕಟ್ಸವ್ರೆ ಅಂತ ಜನ ಮಾತಾಡ್ತಾರೆ.”

ಏಳೆಂಟು ಹೆಂಗಸರು ತಿರುಗಿ ನೋಡಿದರು. ದೇವಿರಮ್ಮ ಎದ್ದು ಹೋಗಿ ಉರಿಯುತ್ತಿದ್ದ ದೀಪದ ಕಂಬವನ್ನು ಮುಟ್ಟಿದಳು.

“ದನದ ಸಗಣಿ ಬುಟ್ಟು ಬ್ಯಾರೆ ಏನಾರ ಅದಕ್ಕೆ ಬಿದ್ದಿದ್ರೆ ನನ್ನೆರಡು ಕಣ್ಣೂ ಓಗ್ಲಿ. ದಿನಾ ಕಲ್ಸೋಳು ನಾನು.”

“ಅಯ್ಯೋ ಬುಡಕ್ಕ, ಆಣೆ ಯಾಕಿಡ್ತೀಯ. ಸುಮ್ಕೆ ಕೇಳ್ದೆ” ಎಂದಳು ಬೆಟ್ಟಮ್ಮ.

ಅವತ್ತಿನಿಂದ ದೇವಿರಮ್ಮ ಹೋದಲ್ಲೆಲ್ಲ ಗ್ಯಾಸಿನ ಮಾತೇ ಆಡಿದಳು. ನಾಲೆಯಲ್ಲಿ ಬಟ್ಟೆ ಒಗೆಯುವಾಗ, ಕಳೆ ಕೀಳುವಾಗ, ಸಾವಿನ ಮನೆಯಲ್ಲೂ ಸಹ. “ನಿನ್ ಸೊಸೆ ಕಣ್ಣು ನೋಡೇ, ಕೆಂಡ ಆಗವೆ. ಒಂದು ಗ್ಯಾಸು ಕಟ್ಸು.” ಅಷ್ಟರಲ್ಲಿ ಊರಿನಲ್ಲಿ ಇನ್ನೂ ಮೂರು ಮನೆಯವರು ಅರ್ಜಿ ಕೊಟ್ಟರು. ಚೌಡಯ್ಯನ ಮನೆಯಲ್ಲೂ ನಿಂಗಯ್ಯನ ಮನೆಯಲ್ಲೂ ಕೆಲಸ ಶುರುವಾಯಿತು. ಗ್ರಾಮಸೇವಕರು ಬಂದಾಗ ಪುಟ್ಟಸ್ವಾಮಿ ತಾಯಿಯನ್ನು ಮುಂದೆ ನಿಲ್ಲಿಸಿ, “ಪ್ರಚಾರ ಎಲ್ಲ ನಮ್ಮವ್ವಂದೇ ಸಾರ್” ಎಂದ. ಅವಳು ಸೆರಗು ಹೊದ್ದು ನಕ್ಕಳು.

ಶ್ರಾವಣ ಬಂತು. ಮಂಗಳಮ್ಮ ತಂಗಿಯ ಮಗುವಿನ ನಾಮಕರಣಕ್ಕೆಂದು ಮಗಳನ್ನು ಕರೆದುಕೊಂಡು ಮಳವಳ್ಳಿಗೆ ಹೋಗಿದ್ದಳು. ಪುಟ್ಟಸ್ವಾಮಿ ಗೊಬ್ಬರ ತರಲು ಬೆಳಗಿನ ಬಸ್ಸಿಗೆ ಮದ್ದೂರಿಗೆ ಹೊರಟ. ಮಳೆ ಹಿಡಿದು ಮೂರು ದಿನವಾಗಿತ್ತು. ಕಕ್ಕಸಿನಲ್ಲಿ ಸುರಿದ ನೀರು ಇಳಿಯದೆ ನಿಂತಿತು.

ಆತಗೂರಿನ ಗಾರೆ ಕೆಲಸದ ದೊಡ್ಡಸಿದ್ದಯ್ಯ ಅಂದು ಚೌಡಯ್ಯನ ಮನೆಯಲ್ಲಿದ್ದ. ಊರಿನ ಗ್ಯಾಸಿನ ಗುಂಡಿಗಳ ಕೆಲಸವೆಲ್ಲ ಅವನದೇ. ದೇವಿರಮ್ಮ ಅವನನ್ನು ಕರೆಸಿದಳು.

“ಬರಪ್ಪ ಸಿದ್ದಯ್ಯ. ನೀರು ಇಳೀತಾ ಇಲ್ಲ. ಮಳೇಗೆ ಗುಂಡಿ ತುಂಬ್ಕಂಡದೇನೋ. ಅಗೋ ಚಪ್ಪಡಿ, ಎತ್ತಿ ನೋಡು.”

ದೊಡ್ಡಸಿದ್ದಯ್ಯ ಚಪ್ಪಡಿಯ ಕಡೆ ನೋಡಲೇ ಇಲ್ಲ. ಕಕ್ಕಸಿನ ಹಿಂದೆ, ಗ್ಯಾಸಿನ ತೊಟ್ಟಿಯ ಕಡೆಗೆ ಕುಕ್ಕರಗಾಲಲ್ಲಿ ಕೂತು ಮಣ್ಣು ಕೆರೆಯತೊಡಗಿದ.

“ಅಲ್ಯಾಕೆ ಕೆರೀತೀಯ? ಗುಂಡಿ ಇರೋದು ಇಲ್ಲಿ.”

“ಅಲ್ಲೇನದವ್ವ ಗುಂಡಿ? ಅಲ್ಲಿ ಬರೀ ಮಣ್ಣು. ಪೈಪು ಇತ್ಲಾಗಿ ಓಗದೆ. ಗ್ಯಾಸಿನ ಬಾಯಿ ತಾವ ಬಟ್ಟೆಗಿಟ್ಟೆ ಸಿಕ್ಕೊಂಡಿರ್ಬೇಕು.”

ಅವನು ಮೊಣಕೈವರೆಗೆ ಮಣ್ಣು ತೆಗೆದು ಪೈಪಿನ ಮೂಲೆ ಬಿಚ್ಚಿದ. ಬಿದಿರ ಕಡ್ಡಿಯಿಂದ ಒಂದು ಚಿಂದಿ ಎಳೆದು ಹಾಕಿದ. ನಿಂತಿದ್ದ ನೀರು ಗೊಳಗೊಳ ಸದ್ದು ಮಾಡಿ, ಅವಳು ಬೆಳಿಗ್ಗೆ ಸಗಣಿ ಕಲಸಿ ಬಿಟ್ಟಿದ್ದ ಗುಂಡಿಯೊಳಕ್ಕೇ ಹೋಯಿತು.

“ಮೊದ್ಲಿಂದ್ಲೂ ಇಂಗೇನಾ?” ಎಂದು ಕೇಳಿದಳು.

“ಇನ್ನೆಂಗೆ? ಪಿಲಾನೇ ಇಂಗೆ. ಎರಡೂ ಸೇರ್ಸುದ್ರೆ ಗ್ಯಾಸು ಜಾಸ್ತಿ, ಗುಂಡಿ ತೋಡೋ ಕೆಲ್ಸಾನೂ ಉಳೀತು. ಪುಟ್ಸಾಮಣ್ಣ ಬುದ್ವಂತ ಬುಡವ್ವ. ಯಾಕೆ, ನಿಂಗೊತ್ತಿಲ್ವಾ?”

“ಗೊತ್ತು” ಎಂದಳು ದೇವಿರಮ್ಮ. “ಕೈ ತೊಳ್ಕೊ. ಮಜ್ಗೆ ತತ್ತೀನಿ.”

ಅವನು ಮಜ್ಜಿಗೆ ಕುಡಿದು ಹೋದ ಮೇಲೆ ಕೊಟ್ಟಿಗೆಯಿಂದ ಹಾರೆ ತಂದಳು. ಏಳು ತಿಂಗಳಿಂದ ಆ ಚಪ್ಪಡಿಯನ್ನು ಅವಳು ತುಳಿದಿರಲಿಲ್ಲ. ಬಳಸಿಕೊಂಡೇ ಓಡಾಡುತ್ತಿದ್ದಳು. ಮೊಮ್ಮಗಳು ಅದರ ಮೇಲೆ ಕುಂಟಾಬಿಲ್ಲೆ ಆಡಲು ಹೋದರೆ ಗದರಿ ಎಬ್ಬಿಸುತ್ತಿದ್ದಳು. ಹಾರೆ ಕೊಟ್ಟು ಮೀಟಿದಾಗ ಕಲ್ಲು ಸುಲಭವಾಗಿ ಎದ್ದಿತು. ಕೆಳಗೆ ಗಟ್ಟಿ ನೆಲ. ಬಿಸಿಲು ಕಾಣದ ಹುಲ್ಲಿನ ಬಿಳಿ ಬೇರು, ಎರಡು ಎರೆಹುಳು. ಅಷ್ಟೆ.

ಸಂಜೆ ಪುಟ್ಟಸ್ವಾಮಿ ಬಂದ. ಅಂಗಡಿಯಲ್ಲಿ ಸಿಕ್ಕವರ ಸುದ್ದಿ, ಬಸ್ಸು ಕೆಟ್ಟು ನಿಂತ ಸುದ್ದಿ ಎಲ್ಲ ಹೇಳಿದ. ದೇವಿರಮ್ಮ ಮೂರು ಕಲ್ಲಿಟ್ಟು ಹಿತ್ತಲ ಮಾಡಿನ ಕೆಳಗೆ ಹಿಟ್ಟು ಬೇಯಿಸಿದ್ದಳು. ಸೌದೆ ಹಸಿ. ಅವಳ ಕಣ್ಣು ಕೆಂಪಾಗಿತ್ತು. ತಟ್ಟೆಗೆ ಹಿಟ್ಟು ಹಾಕಿ, ಹುರುಳಿಯ ಸಾರು ಬಡಿಸಿದಳು.

“ಇದೇನವ್ವ, ಇಟ್ಟು ಒಗೆ ವಾಸ್ನೆ ಒಡೀತದೆ. ಗ್ಯಾಸು ಬರ್ತಿಲ್ವಾ?”

“ಬತ್ತದೆ. ಉಣ್ಣು.”

ಅವನು ಉಣ್ಣುವವರೆಗೆ ಎದುರಿಗೇ ಕೂತಿದ್ದಳು. ಕೈ ತೊಳೆಯಲು ಹಿತ್ತಲಿಗೆ ಹೋದವನು ಮಗುಚಿ ಬಿದ್ದ ಚಪ್ಪಡಿ ಕಂಡು ಚೊಂಬು ಹಿಡಿದುಕೊಂಡೇ ನಿಂತ. ಒಳಗೆ ಬರಲು ಬಹಳ ಹೊತ್ತು ಮಾಡಿದ.

“ಅವ್ವ.”

“ನೀನು ನನ್ನಾಣೆ ಇಟ್ಟೆ.”

“ಅದು ಅಂಗಲ್ಲ ಕಣವ್ವ. ಗ್ರಾಮಸೇವಕ್ರು ಯೋಳುದ್ರು, ಸೇರ್ಸುದ್ರೆ ಒಳ್ಳೇದು ಅಂತ. ಇರೋದು ನಾಕು ದನ, ಅಷ್ಟು ಸಗಣಿ ಸಾಲಲ್ಲ. ಅದೆಲ್ಲ ಕೊಳ್ತು ಗಾಳಿಯಾಗಿ ಬರೋದು. ಬೆಂಕಿ ಆದ್ಮೇಲೆ ಮುಗೀತು. ಬೆಂಕಿಗೆ ಎಲ್ಲಾದ್ರೂ ಮೈಲ್ಗೆ ಅದಾ?”

“ಬೆಂಕಿಗೆ ಇಲ್ಲ. ಒಪ್ಕಂಡೆ. ನಾಲ್ಗೆಗೆ ಅದೆ.”

“ನಿಂಗೆ ಯೋಳಿದ್ರೆ ಒಪ್ತಿದ್ಯಾ?”

“ಕೇಳ್ದಾ?”

ಅವನು ಚೊಂಬನ್ನು ಮೂಲೆಗಿಟ್ಟ.

“ಯೋಳಿದ್ರೆ ಬಯ್ತಿದ್ದೆ. ಒಂದು ತಿಂಗ್ಳು ನಿನ್ ಕೈಲಿ ಮಾತಾಡ್ತಿರ್ನಿಲ್ಲ. ಆಮ್ಯಾಕೆ ಮನೇದ್ನೆಲ್ಲ ಅದ್ರ ಮೇಲೇ ಬೇಯ್ಸ್ಕಂಡು, ಮೀಸಲು ಒಂದಕ್ಕೆ ಮಾತ್ರ ಮೂರು ಕಲ್ಲು ಊಡ್ತಿದ್ದೆ. ವಾರಕ್ಕೊಂದ್ಸಲ ಒಗೆ ಕುಡಿದ್ರೆ ಸಾಯ್ತಿದ್ನಾ?” ಅವಳ ದನಿ ಏರಲಿಲ್ಲ. “ನೀನು ಸುಳ್ಳಾಡ್ದೆ, ಆಡು. ಎಲ್ರೂ ಆಡ್ತಾರೆ. ನನ್ ಬಾಯಲ್ಲಿ ಆಡ್ಸುದ್ಯಲ್ಲ ಮಗ. ಅಮ್ಮನ ದೀಪ ಮುಟ್ಸಿ.”

“ನಾನೇನು ದೀಪ ಮುಟ್ಟು ಅಂದ್ನಾ?”

“ಇಲ್ಲ” ಎಂದಳು. “ಮುಟ್ಟಿ ಬಂದೆ ಅಂತ ಅವತ್ತೇ ನಿಂಗೆ ಯೋಳ್ದೆ. ನೀನು ಮೊಸ್ರು ಆಕು ಅಂದೆ.”

ನಾಲ್ಕನೆಯ ದಿನ ಮಂಗಳಮ್ಮ ಮಳವಳ್ಳಿಯಿಂದ ಬಂದಳು. ನಾಮಕರಣದ ಮೈಸೂರುಪಾಕಿನ ಪೊಟ್ಟಣವನ್ನು ಅತ್ತೆಯ ಮುಂದಿಟ್ಟಳು. ಮಾಡಿನ ಕೆಳಗಿನ ಮೂರು ಕಲ್ಲು, ಬೂದಿ ನೋಡಿ ಗಂಡನ ಮುಖ ನೋಡಿದಳು. ಅವನು ಎಮ್ಮೆ ಬಿಚ್ಚಿಕೊಂಡು ಹೊಲದ ಕಡೆ ಹೋದ.

“ನಿಂಗೆ ಗೊತ್ತಿತ್ತು” ಎಂದಳು ದೇವಿರಮ್ಮ.

ಮಂಗಳಮ್ಮ ಸೀರೆಯ ನೆರಿಗೆ ಸರಿಮಾಡಿಕೊಂಡು ಕೆಳಗೆ ಕೂತಳು. “ಗೊತ್ತಿತ್ತು ಅತ್ತೆಮ್ಮ.”

“ದಿನಾ ನನ್ ಪಕ್ಕ ನಿಂತ್ಕಂಡು ಸಗಣಿಗೆ ನೀರು ಉಯ್ತಿದ್ದೆ. ನಾನು ಒಂದೊಂದು ಕಡ್ಡಿ ಆರಿಸ್ತಿದ್ರೆ ನೋಡ್ಕಂಡು ನಿಂತಿದ್ದೆ. ಒಳಗೇ ನಗ್ತಿದ್ದೆ ಅಲ್ವಾ?”

“ದೇವ್ರಾಣೆ ನಗ್ಲಿಲ್ಲ.”

“ಆಣೆ ಬ್ಯಾಡ. ಈ ಮನೇಲಿ ಆಣೆ ಬಾಳ ಅಗ್ಗ ಆಗೋಗದೆ.”

ಮಂಗಳಮ್ಮನ ಮುಖ ಬಿಗಿಯಿತು. “ನಾನು ಬಾಯಿ ಬಿಟ್ರೆ ಅದನ್ನ ಕಿತ್ತಾಕಿಸ್ತಿದ್ರಿ. ಹೌದೋ ಅಲ್ವೋ? ಹನ್ನೆರಡು ವರ್ಷ ಕತ್ಲಲ್ಲಿ ಎದ್ದು ಓಡಿದ್ದೀನಿ. ಬಸುರಿಯಾಗಿದ್ದಾಗ ಏರಿ ಮೇಲೆ ಜಾರಿ ಬಿದ್ನಲ್ಲ, ಆವಾಗ ಎತ್ತಿದ್ದು ನೀವೇ. ಎತ್ಕಂಡು ಬಂದು ಏನಂದ್ರಿ? ಎಲ್ರೂ ಓಗೋದೇ ಅಲ್ವಾ, ನೋಡ್ಕಂಡು ನಡೀಬೇಕು ಅಂದ್ರಿ. ಮಳೇಲಿ, ಜ್ವರದಲ್ಲಿ, ಬೀಡಿ ಸೇದ್ಕಂಡು ಏರಿ ಮೇಲೆ ಕೂತಿರೋ ಗಂಡಸರ ಮುಂದೆ ಓಗಿದ್ದೀನಿ. ನಿಮ್ಮ ಮೀಸಲು ಉಳೀಲಿ ಅಂತ ನಾನು ಮತ್ತೆ ಚೊಂಬು ಹಿಡೀಬೇಕಾಗಿತ್ತಾ?”

“ಕಕ್ಕಸು ಬ್ಯಾಡ ಅಂದ್ನಾ? ಗುಂಡಿ ಬ್ಯಾರೆ ತೋಡಿ ಅಂದೆ.”

“ಅದನ್ನ ನಿಮ್ಮ ಮಗನಿಗೆ ಹೇಳಿ.”

“ಅವನು ನನ್ ಮಗ. ಅವನ್ನ ನಾನು ನೋಡ್ಕತೀನಿ. ಎಣ್ಣಿಗೆ ಎಣ್ಣು ಅಂತ ನೀನೊಂದು ಮಾತು ಕಿವೀಗಾಕಿದ್ರೆ ನಾನು ದೀಪದ ತಾವ ಓಯ್ತಿರ್ನಿಲ್ಲ.”

ಬಾಗಿಲಲ್ಲಿ ಇಂದ್ರಾಣಿ ನಿಂತಿದ್ದಳು. ಪ್ರಯಾಣದ ಲಂಗ ಇನ್ನೂ ಬದಲಿಸಿರಲಿಲ್ಲ. ಯಾರೂ ಕೇಳದಿದ್ದರೂ ಅವಳೇ ಹೇಳಿದಳು.

“ನಾನೂ ಯೋಳ್ಲಿಲ್ಲ ಅಜ್ಜಿ. ಅಪ್ಪ ಬ್ಯಾಡ ಅಂದಿದ್ರು.”

ದೇವಿರಮ್ಮ ಮೊಮ್ಮಗಳನ್ನು ನೋಡಿದಳು. ಸಿಹಿಯ ಪೊಟ್ಟಣ ಬಿಚ್ಚಿ, ಒಂದು ತುಂಡು ಮುರಿದು ಅವಳ ಕೈಗಿಟ್ಟಳು. ತಾನು ತಿನ್ನಲಿಲ್ಲ.

ಆ ಶುಕ್ರವಾರ ಮೀಸಲು ಪಾತ್ರೆ ಮಣೆಯ ಮೇಲಿಂದ ಇಳಿಯಲಿಲ್ಲ. ಗುಡಿಯಿಂದ ಪೂಜಾರಿ ಕೇಳಿ ಕಳಿಸಿದಾಗ ಪುಟ್ಟಸ್ವಾಮಿ, “ಅವ್ವಂಗೆ ಮೈ ಸರಿ ಇಲ್ಲ” ಎಂದು ಹೇಳಿ ಕಳಿಸಿದ. ದೇವಿರಮ್ಮ ಒಳಗಿನಿಂದ ಅದನ್ನು ಕೇಳಿದಳು.

ಆಮೇಲೆ ಅವನು ತಾಯಿಯ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದ. “ಮುಂದಿನ ವಾರದಿಂದ ಮೂರು ಕಲ್ಲಿನ ಮೇಲೇ ಮಾಡು ಅವ್ವ. ನಾನೇ ಒಣ ಸೌದೆ ತಂದಾಕ್ತೀನಿ. ಆಗಿದ್ದು ಆಗೋಯ್ತು. ಯಾರ್ಗೂ ಗೊತ್ತಾಗಲ್ಲ.”

“ಗೊತ್ತಾಗ್ದೆ ಓದ್ರೆ ಸರಿಯಾಯ್ತದಾ?”

“ಮತ್ತೇನು ಮಾಡ್ತೀಯ?”

“ನಾನಾಡಿದ್ ಮಾತು ನಾನು ವಾಪಸ್ ತಗಂಡು ಬತ್ತೀನಿ. ಏಳು ಮನೇಗೂ ಓಯ್ತೀನಿ.”

ಪುಟ್ಟಸ್ವಾಮಿಯ ಮುಖ ಬಿಳುಪೇರಿತು. “ಅವ್ವ, ಬ್ಯಾಡ ಕಣವ್ವ. ಚೌಡಯ್ಯ ಅರ್ಧ ಕಟ್ಟಿರೋದ್ನ ನಿಲ್ಲುಸ್ಬುಡ್ತಾನೆ. ನಿಂಗಯ್ಯನೂ ನಿಲ್ಲುಸ್ತಾನೆ. ಮತ್ತೆ ಊರೆಲ್ಲ ಒಗೆ ಕುಡೀಬೇಕು, ಮತ್ತೆ ಮರ ಕಡೀತಾರೆ. ನಾನು ಊರಲ್ಲಿ ತಲೆಯೆತ್ಕಂಡು ಓಡಾಡಂಗಿಲ್ಲ. ಅಷ್ಟಕ್ಕೂ ನಾನು ನಂಗೋಸ್ಕರ ಮಾಡಿದ್ನಾ? ನಿನ್ ಕಣ್ಣಿಗೋಸ್ಕರ ಮಾಡ್ದೆ.”

“ಕಣ್ಣು ಚೆನ್ನಾಗವೆ” ಎಂದಳು ದೇವಿರಮ್ಮ. ಸೀರೆಯ ಸೆರಗು ಸುತ್ತಿಕೊಂಡು ಮಳೆಗೆ ಗೋಣಿಯ ಗೊಪ್ಪೆ ಹಾಕಿಕೊಂಡು ಹೊರಟಳು.

ಮೊದಲು ಹೋದದ್ದು ಬೆಟ್ಟಮ್ಮನ ಮನೆಗೆ. ಕೇಳಿದವಳು ಅವಳೇ ಆದ್ದರಿಂದ. ಬೆಟ್ಟಮ್ಮ ಜಗುಲಿಯಲ್ಲಿ ರಾಗಿ ಕೇರುತ್ತಿದ್ದಳು. ಮೊರ ಕೆಳಗಿಟ್ಟು, “ಬಾರಕ್ಕ, ಈ ಮಳೇಲಿ?” ಎಂದು ಮಣೆ ಹಾಕಿದಳು.

ದೇವಿರಮ್ಮ ಕೂರಲಿಲ್ಲ. ದಾರಿಯಲ್ಲಿ ಜೋಡಿಸಿಕೊಂಡಿದ್ದ ಮಾತುಗಳನ್ನು ಒಂದೇ ಉಸಿರಿಗೆ ಹೇಳಿದಳು. ದೀಪ ಮುಟ್ಟಿ ಹೇಳಿದ್ದು ಸುಳ್ಳು. ನನಗೆ ಗೊತ್ತಿರಲಿಲ್ಲ, ಆದರೂ ಸುಳ್ಳು ಸುಳ್ಳೇ. ಎರಡೂ ಒಂದೇ ಗುಂಡಿಗೆ ಸೇರಿದೆ. ಯುಗಾದಿಯಿಂದ ಈಚೆಗೆ ನೀವು ತಿಂದ ಮೀಸಲೆಲ್ಲ ಅದರ ಮೇಲೆ ಬೆಂದದ್ದು. ಅಮ್ಮನಿಗೆ ತಪ್ಪುಕಾಣಿಕೆ ಕಟ್ಟಿದ್ದೇನೆ. ನೀವು ಏನಂದರೂ ಅನ್ನಿಸಿಕೊಳ್ಳುತ್ತೇನೆ.

ಬೆಟ್ಟಮ್ಮ ಮೊರದ ಅಂಚನ್ನು ಬೆರಳಿಂದ ಸವರುತ್ತಾ ಕೂತಿದ್ದಳು. ಆಶ್ಚರ್ಯಪಟ್ಟವಳಂತೆ ಕಾಣಲಿಲ್ಲ.

“ಕೂತ್ಕೊ ಅಕ್ಕ” ಎಂದಳು.

“ಯಾಕೆ ಬೆಟ್ಟಮ್ಮ, ಏನೂ ಅನ್ನಾಕಿಲ್ವಾ?”

“ಏನನ್ಲಿ. ನಮಗ್ ಗೊತ್ತಿತ್ತಲ್ಲ.”

ಮಳೆಯ ನೀರು ಗೊಪ್ಪೆಯಿಂದ ಜಗುಲಿಗೆ ತೊಟ್ಟಿಕ್ಕುತ್ತಿತ್ತು.

“ಆ ಸಿದ್ದಯ್ಯ ಬಾಯಲ್ಲಿ ಏನು ನಿಲ್ತದೆ? ನಮ್ಮನೆ ಗುಂಡಿ ತೋಡೋಕೆ ಬಂದ ಮೊದಲ್ನೇ ದಿನಾನೇ ಕೇಳ್ದ, ದೇವೀರವ್ವನ ಮನೆ ತರಾನೇ ಪೈಪು ಇಕ್ಕಲಾ ಅಂತ. ಚೌಡಯ್ಯನ ಮನೇಲೂ ಅಂಗೇ ಅಂದವ್ನೆ. ಊರಿಗೆಲ್ಲ ಗೊತ್ತು.”

“ಗೊತ್ತಿದ್ದೂ ನಂಗೊಬ್ರೂ ಯೋಳ್ನಿಲ್ಲ.”

“ನಿಂಗೊತ್ತಿಲ್ಲ ಅಂತ ನಮಗೇನ್ ಗೊತ್ತಕ್ಕ?” ಬೆಟ್ಟಮ್ಮ ತಲೆಯೆತ್ತಿದಳು. “ದಿನಾ ಕಲ್ಸೋಳು ನಾನೇ ಅಂದಿದ್ದೆ. ಗೊತ್ತಿದ್ದೇ ಆಣೆ ಇಟ್ಟವಳೆ, ಮಗನ ಮರ್ವಾದೆ ಉಳ್ಸೋಕೆ ಅಂದ್ಕಂಡೋ. ತಾಯಿ ಕರುಳು, ಏನ್ ಮಾಡ್ತಾಳೆ ಅಂತ ನಾವ್ನಾವೇ ಮಾತಾಡ್ಕಂಡು ಸುಮ್ಕಾದೋ.”

ದೇವಿರಮ್ಮ ಆಗ ಮಣೆಯ ಮೇಲೆ ಕೂತಳು.

“ಮೀಸಲು ಇಸ್ಕತಿದ್ರಲ್ಲ. ಪ್ರತಿ ವಾರ. ಕಣ್ಣಿಗೊತ್ಕಂಡು ಇಸ್ಕತಿದ್ರಿ.”

ಬೆಟ್ಟಮ್ಮನ ಕಣ್ಣು ಒಂದು ಕ್ಷಣ ಕೊಟ್ಟಿಗೆಯ ಕಡೆ, ಎಮ್ಮೆಯ ಮುಂದಿದ್ದ ಕಲಗಚ್ಚಿನ ಬಾನಿಯ ಕಡೆ ಹೋಗಿ ಬಂತು. ದೇವಿರಮ್ಮನೂ ಅತ್ತ ನೋಡಿದಳು.

“ಎಲ್ರ ಮನೇಲೂವಾ?”

“ಎಲ್ರುದ್ದೂ ನಂಗೊತ್ತಿಲ್ಲ ಅಕ್ಕ.”

“ಆದ್ರೂ ಗ್ಯಾಸು ಕಟ್ಟುಸ್ತಾ ಇದೀರಿ.”

“ಒಗೆ ಇರಾಕಿಲ್ವಲ್ಲ” ಎಂದಳು ಬೆಟ್ಟಮ್ಮ, ಸುಲಭವಾಗಿ. “ನಮ್ಮನೇಲೇನು ಮೀಸಲು ಬೇಯ್ತದಾ? ನಾವೂ ಕಕ್ಕಸು ಸೇರ್ಸೇ ಕಟ್ಟುಸ್ತಾ ಇರೋದು.”

ಉಳಿದ ಆರು ಮನೆಗಳಿಗೂ ದೇವಿರಮ್ಮ ಹೋದಳು. ಹೇಳಬೇಕಾಗಿದ್ದನ್ನು ಹೇಳಿದಳು. ಚೌಡಯ್ಯ, “ಬುಡವ್ವ, ಈಗಿನ ಕಾಲದಲ್ಲಿ ಯಾರು ಅದ್ನೆಲ್ಲ ನೋಡ್ತಾರೆ” ಎಂದ. ಒಬ್ಬಳು ಕಾಫಿ ಕೊಟ್ಟಳು. ಇನ್ನೊಬ್ಬಳು ಕೈ ಹಿಡಿದು, ಮಗನ ಮೇಲೆ ಸಿಟ್ಟು ಮಾಡ್ಕಬ್ಯಾಡ ಎಂದು ಬುದ್ಧಿ ಹೇಳಿದಳು. ನಿನಗೆ ಗೊತ್ತಿರಲಿಲ್ಲವೆಂದು ನಂಬಿದೆ ಎಂದು ಮಾತ್ರ ಯಾರೂ ಹೇಳಲಿಲ್ಲ.

ಮನೆಗೆ ಬಂದಾಗ ಪುಟ್ಟಸ್ವಾಮಿ ಹೊಸ್ತಿಲ ಮೇಲೇ ಕೂತಿದ್ದ.

“ಏನಂದ್ರು?”

“ಯಾರೂ ನಿಲ್ಲುಸಾಕಿಲ್ಲ. ಕಟ್ಟುಸ್ತಾರೆ.”

ಅವನ ಮುಖದಲ್ಲಿ ನೆಮ್ಮದಿ ಮೂಡಿದ್ದು ಅವಳಿಗೆ ಕಂಡಿತು. ಅವನಿಗೂ ಅದು ತನ್ನ ಮುಖದಲ್ಲಿ ಮೂಡಿತೆಂದು ಗೊತ್ತಾಗಿ ಬೇರೆ ಕಡೆ ತಿರುಗಿದ.

ಮುಂದಿನ ಗುರುವಾರ ದೇವಿರಮ್ಮ ಮೀಸಲು ಪಾತ್ರೆಯನ್ನೂ ಸೌಟನ್ನೂ ಹುಣಸೆಹಣ್ಣು ಬೂದಿ ಹಾಕಿ ತಿಕ್ಕಿದಳು. ಹೊಸ ಟವೆಲಿನಲ್ಲಿ ಸುತ್ತಿದಳು. ಮಂಗಳಮ್ಮ ನೋಡಿ ಗಂಡನನ್ನು ಕರೆದಳು. ಅವನು ಓಡಿ ಬಂದ.

“ಎಲ್ಗೆ ತಗಂಡೋಯ್ತಿದ್ದೀಯ?”

“ಗುಡಿಗೆ. ಪೂಜಾರಿ ತಾವ ಮಾತಾಡಿವ್ನಿ. ಬ್ಯಾರೆ ಯಾರಾದ್ರೂ ಮಾಡ್ಲಿ.”

“ನಾಕು ತಲೆಮಾರಿಂದ ನಮ್ಮನೇಲಿರೋದು ಅವ್ವ. ಅಪ್ಪ ಇದ್ದಿದ್ರೆ ಬುಡ್ತಿದ್ನಾ? ಮೂರು ಕಲ್ಲಿನ ಮೇಲೆ ಮಾಡು ಅಂದ್ನಲ್ಲ.”

“ಒಲೇದಲ್ಲ ಕಣೋ. ನಾನು ಮಾಡಿದ್ನ ಯಾರೂ ಉಣ್ಣಾಕಿಲ್ಲ. ಉಣ್ದೇ ಇರೋ ಎಡೇನ ಅಮ್ಮಂಗೆ ತೋರ್ಸಿ ಏನು ಮಾಡ್ಲಿ?”

“ಅತ್ತೆಮ್ಮ” ಎಂದಳು ಮಂಗಳಮ್ಮ. ಎರಡು ಹೆಜ್ಜೆ ಬಂದು, ಮಳೆಗೆ ನೆನೆಯದಂತೆ ಟವೆಲಿನ ಮೇಲೊಂದು ಬಾಳೆಲೆ ಮುಚ್ಚಿದಳು. ದೇವಿರಮ್ಮ ಬೇಡವೆನ್ನಲಿಲ್ಲ.

ವಾಪಸ್ಸು ಬಂದವಳು ಅಡುಗೆಮನೆಗೆ ಹೋಗಿ ಗ್ಯಾಸಿನ ತಿರುಪು ತಿರುವಿ, ಬೆಂಕಿಕಡ್ಡಿ ಗೀರಿ ರಾತ್ರಿಯ ಹಿಟ್ಟಿಗೆ ಎಸರಿಟ್ಟಳು. ಬೇಯಿಸಿದ್ದನ್ನು ಎಲ್ಲರಿಗೂ ಬಡಿಸಿ ತಾನೂ ಉಂಡಳು. ಪುಟ್ಟಸ್ವಾಮಿ ಇನ್ನೊಂದು ಸಲ ಸಾರು ಹಾಕಿಸಿಕೊಂಡ. ಮನೆ ಮೊದಲಿನಂತಾಯಿತು ಎಂದುಕೊಂಡ.

ದಿನಗಳು ಹಾಗೆಯೇ ನಡೆದವು. ಗೌರಿ ಹಬ್ಬವಾಯಿತು. ಚೌಡಯ್ಯನ ಮನೆಯ ಗ್ಯಾಸು ಹೊತ್ತಿಕೊಂಡಿತು. ಬೆಳಿಗ್ಗೆ ಸಗಣಿ ಕಲಸುವುದು ಮಂಗಳಮ್ಮನ ಪಾಲಿಗೆ ಬಂತು. ದೇವಿರಮ್ಮ ಮಗನೊಡನೆ ಮಾತು ಬಿಡಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ಅವನ ಅಂಗಿಯ ಗುಂಡಿ ಹೊಲಿಯುತ್ತಿದ್ದಳು.

ಒಂದು ಮಧ್ಯಾಹ್ನ ಅಂಗಳದಲ್ಲಿ ಹರವಿದ್ದ ರಾಗಿಯ ಮೇಲೆ ನಾಲ್ಕು ಹನಿ ಬಿದ್ದು, ಎಲ್ಲರೂ ಸೇರಿ ಅದನ್ನು ಒಳಗೆ ಎಳೆದರು. ಸ್ವಲ್ಪ ಹೊತ್ತಿನ ಮೇಲೆ ಜಗುಲಿಯಲ್ಲಿ ಕೂತಿದ್ದ ಪುಟ್ಟಸ್ವಾಮಿ ಕೂಗಿದ. “ಮಳೆ ನಿಂತ್ಕಂತು ಅವ್ವ. ಮೋಡಾನೂ ಇಲ್ಲ. ರಾಗಿ ಹಾಕ್ಬೋದು.”

ದೇವಿರಮ್ಮ ಒಳಗಿನಿಂದ ಎದ್ದು ಬಂದಳು. ಅವನನ್ನು ದಾಟಿ ಮೆಟ್ಟಿಲಿಳಿದು, ಸೂರಿನಾಚೆಗೆ ಕೈ ಚಾಚಿ ನಿಂತಳು. ಅಂಗೈ ಒಣಗೇ ಇತ್ತು. ಆಮೇಲೆ ತಲೆಯೆತ್ತಿ ಆಕಾಶವನ್ನು ಪೂರ್ವದಿಂದ ಪಶ್ಚಿಮದವರೆಗೆ ಒಂದು ಸುತ್ತು ನೋಡಿ, ರಾಗಿ ತರಲು ಒಳಗೆ ಹೋದಳು.